ಚಿತ್ರದಿಂದ ಇಳಿದವಳು ಕೇಳಿದ ನೀರು

ಇದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ತಿಕೋಟಾದಲ್ಲಿ ಚಿಗವ್ವನ, ಎಂದರೆ ನನ್ನ ಚಿಕ್ಕಮ್ಮನ, ಶೆಡ್ಡು, ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತ ಕೂತ ಹೆಣ್ಣುಮಕ್ಕಳು, ಇಷ್ಟು ನಿಜ. ಎಲ್ಲರ ಕೈಗೂ ಕೆಲಸವಿರುವಾಗ ಒಬ್ಬರು ಗಟ್ಟಿಯಾಗಿ ಕಾದಂಬರಿ ಓದುವುದು ಅಲ್ಲಿಯ ರೂಢಿ. ಎಂ.ಎ. ಪರೀಕ್ಷೆ ಮುಗಿಸಿ ಹೋಗಿದ್ದ ನನ್ನನ್ನು ಆ ಸಲ ಓದಲು ಕೂಡಿಸಿದರು.

ಪುಸ್ತಕ ವಿಜಯಪುರದ ಜೋರಾಪುರ ಪೇಟೆಯ ಬಾಡಿಗೆ ಲೈಬ್ರರಿಯದು. ಕಥೆಯಲ್ಲಿ ಒಬ್ಬ ಚಿತ್ರಕಾರ. ಅವನು ಬರೆದದ್ದೆಲ್ಲ ಜೀವ ತಳೆಯುತ್ತದೆ. ಈಗ ಒಂದೇ ಚಿತ್ರಕ್ಕಾಗುವಷ್ಟು ಬಣ್ಣ ಉಳಿದಿದೆ, ಅದರಲ್ಲಿ ತೀರಿಹೋದ ಹೆಂಡತಿಯನ್ನು ಬರೆಯುತ್ತಾನೆ. ಅಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ, ಇದೆಲ್ಲ ಏಕೆ ಅಸಾಧ್ಯ ಎಂದು ವಿವರಿಸತೊಡಗಿದೆ.

"ಯಪ್ಪಾ, ಅದು ನಮಗೂ ಗೊತ್ತೈತಿ," ಅಂದಳು ಘೋಣಸಗಿಯಿಂದ ಕೆಲಸಕ್ಕೆ ಬರುತ್ತಿದ್ದ ಮುದುಕಿ. "ಅಕಿ ಬರ್ತಾಳೋ ಇಲ್ಲೋ, ಅಷ್ಟು ಹೇಳು."

"ಲೇ, ನಿನ್ನ ಕಾಲೇಜು ಇಲ್ಲಿ ನಡಸಬ್ಯಾಡ. ಬಾ, ಕಡ್ಡಿ ಬಿಡಸು," ಎಂದು ಚಿಗವ್ವ ಪುಸ್ತಕ ಕಸಿದುಕೊಂಡು ಕೊನೆಯ ಪುಟ ತಾನೇ ಓದಿದಳು. ಹೆಂಡತಿ ಗೋಡೆಯ ಮೇಲಿನ ಚಿತ್ರದಿಂದ ಇಳಿದು ಬಂದಳು. ಗಂಡನನ್ನು ತಬ್ಬಲಿಲ್ಲ, ಅಳಲಿಲ್ಲ. ಮೊದಲು ಕುಡಿಯಲು ನೀರು ಕೇಳಿದಳು.

"ಪಾಪ, ಸುಣ್ಣದ ಗ್ವಾಡಿಯಾಗ ಇದ್ದಾಕಿ," ಅಂದಳು ಮುದುಕಿ.

ಆ ಬಾಯಾರಿಕೆ ನನ್ನ ತರ್ಕವನ್ನೆಲ್ಲ ಮುಗಿಸಿಬಿಟ್ಟಿತು. ಅಂದಿನಿಂದ ಚಿತ್ರಕಾರರು, ಹಳೆಯ ಗ್ರಂಥಗಳು, ಜಾದೂ ಇರುವ ಕಾದಂಬರಿ ಕಂಡರೆ ಬಿಡಲಾರೆ. ಅವುಗಳಲ್ಲಿ ಬಣ್ಣ ಅರೆಯುತ್ತಾರೆ, ಅಂಟು ಕಾಯಿಸುತ್ತಾರೆ, ಪುಟ ಹೊಲಿಯುತ್ತಾರೆ. ಆ ಕೆಲಸವನ್ನು ನಂಬಿದವನಿಗೆ ಜಾದೂ ದೂರವೇನಲ್ಲ. ನೀರಿನ ಕಥೆಯನ್ನು ಎಷ್ಟೋ ಮಂದಿಗೆ ಹೇಳಿದ್ದೇನೆ. ಈಚೆಗೆ ನನ್ನ ಹೆಂಡತಿ ಅಂದಳು: "ಇದು ನಿಮ್ಮ ಚಿಗವ್ವನ ಮಾತಿದ್ದಂಗ ಐತಲ್ರಿ. ಪುಸ್ತಕದಾಗ ಇತ್ತಂತ ಹೆಂಗ ಗೊತ್ತು?"

ಗೊತ್ತಿರಲಿಲ್ಲ. ನಾನು ಇಷ್ಟು ವರ್ಷ ಪ್ರೀತಿಸಿದ ಸಾಲು ಆ ಕಾದಂಬರಿಯದೇ ಅಲ್ಲದಿದ್ದರೆ? ಕೂತಲ್ಲಿ ಕೂಡಲಾಗದೆ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ. ಚಿಗವ್ವ ಅಲ್ಲಿ ಮಗಳ ಮನೆಗೆ ಬಂದಿದ್ದಳು.

"ಸೇರಸಿದ್ರೂ ಸೇರಸಿರಬೇಕು," ಅಂದಳು. "ಅಕಿ ಬರಲಿಲ್ಲ ಅಂತ ಓದಿದ್ರ ಮಂದಿ ಎದ್ದ ಹೋಗ್ತಿದ್ರು. ಆಮ್ಯಾಲ ಕಡ್ಡಿ ಯಾರು ಬಿಡಸಬೇಕಿತ್ತು, ನೀನಾ?" ಮಗಳೂ ಅವಳೂ ಸೇರಿ ಬಹಳ ಹೊತ್ತು ನಕ್ಕರು. ನನಗೂ ನಗು ಬಂತು. ಚಿಗವ್ವನದೇ ಆದರೂ ಒಳ್ಳೆಯ ಸಾಲೇ ಎಂದುಕೊಂಡು, ಅವಳು ಮಾಡಿಸಿದ ಉಪ್ಪಿಟ್ಟು ತಿಂದು ಮರಳಿದೆ.

ಹೋದ ತಿಂಗಳು ವಿಜಯಪುರದಲ್ಲಿ ಹಳೆಯ ಪುಸ್ತಕ ಮಾರುವವನ ಹತ್ತಿರ ಆ ಕಾದಂಬರಿಯ ಒಂದು ಪ್ರತಿ ಸಿಕ್ಕಿತು. ನಿಂತಲ್ಲೇ ಕೊನೆಯ ಅಧ್ಯಾಯ ತೆರೆದೆ. ಅದರಲ್ಲಿ ಗೋಡೆಯೇ ಇಲ್ಲ, ಚಿತ್ರ ಬರೆದದ್ದು ಬಟ್ಟೆಯ ಮೇಲೆ. ಹಾಗಾದರೆ ಸುಣ್ಣದ ಗೋಡೆಯ ಮಾತನ್ನು ಆ ಮುದುಕಿ ನಿಜಕ್ಕೂ ಅಂದಳೋ, ನಾನೇ ಸೇರಿಸಿಕೊಂಡೆನೋ, ಈಗ ಹೇಳಲಾರೆ. ಹೆಂಡತಿ ಅಳುತ್ತಾಳೆ ಕೂಡ. ಆದರೆ ಅಳುವ ಮೊದಲು ಕುಡಿಯಲು ನೀರು ಕೇಳುತ್ತಾಳೆ. ಆ ಮಾತು ಕೊನೆಯ ಪುಟದಲ್ಲಿ ಅಚ್ಚಾಗಿದೆ.