ಉಣ್ಣೋ ಕೈ ಕಡೆಯ ಗೋಲು

ಹೈದರಾಬಾದಿನಲ್ಲಿ ಖಾಲಿ ಗೋಡೆ ಕಂಡರೆ ಸಾಕು, ಅದರ ಮೇಲೆ ಕಂಪ್ಯೂಟರ್ ಕೋರ್ಸಿನ ಹೆಸರು ಬರೆದು ಹೋಗುತ್ತಿದ್ದ ಕಾಲ ಅದು. ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನ ಕಂಪೌಂಡನ್ನೂ ಬಿಟ್ಟಿರಲಿಲ್ಲ. ಯಾರ ಮನೆಗೆ ಹೋದರೂ ಒಂದೇ ಮಾತು: ಮಗ ಜಾವಾ ಕಲಿಯುತ್ತಿದ್ದಾನೆ, ಮಗಳು ಎಂಸೆಟ್ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಅಂಥ ದಿನಗಳಲ್ಲಿ ನಾವು ಹನ್ನೊಂದು ಹುಡುಗಿಯರು ಫುಟ್‌ಬಾಲ್ ಆಡಿದೆವು. ಅದಕ್ಕಾಗಿ ನನಗೆ ಇವತ್ತಿಗೂ ಎಳ್ಳಷ್ಟು ಪಶ್ಚಾತ್ತಾಪವಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನಗಾಗ ಹದಿನಾರು. ಹತ್ತನೇ ಕ್ಲಾಸು ಮುಗಿಸಿ ಹುಡುಗಿಯರ ಜೂನಿಯರ್ ಕಾಲೇಜು ಸೇರಿದ್ದೆ. ನಮ್ಮ ಕಡೆಯ ಪಿಯುಸಿಗೆ ಇಲ್ಲಿ ಇಂಟರ್ ಅನ್ನುತ್ತಾರೆ. ಅಪ್ಪ ಗೂಡ್ಸ್ ಗಾಡಿಯ ಗಾರ್ಡು. ಸೇಡಂ ಕಡೆಯ ಮನೆತನ ನಮ್ಮದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಇದು ಅವ್ವ ಹಾಕಿದ ಕಟ್ಟಳೆ. "ಹೊರಗ ನಮ್ಮ ಮಾತು ಆಡಬ್ಯಾಡ್ರಿ. ಊರು ಬಿಟ್ಟು ಬಂದೋರು ಅಂತ ಸಸಾರ ಮಾಡ್ತಾರ," ಅನ್ನುತ್ತಿದ್ದಳು. ಮಾರ್ಕೆಟ್ಟಿನಲ್ಲಿ ಗೋಂಗೂರ ಅಂತ ಕೇಳಿ ತಂದ ಸೊಪ್ಪು ನಮ್ಮ ಅಡಿಗೆಮನೆಗೆ ಬಂದಮೇಲೆಯೇ ಪುಂಡಿಪಲ್ಯ ಆಗುತ್ತಿತ್ತು.

ಕಾಲೇಜಿನ ಹಿಂದೆ ಒಂದು ಮೈದಾನವಿತ್ತು. ಹುಲ್ಲಿಲ್ಲ, ಬರೀ ಕೆಂಪು ಮಣ್ಣು. ಎಡಗಡೆ ಬೇವಿನ ಮರಗಳ ಸಾಲು. ಬಲಗಡೆ, ನಾನು ಸೇರುವ ಹೊತ್ತಿಗೆ, ಜಲ್ಲಿ ಕಲ್ಲಿನ ರಾಶಿ ಮತ್ತು ಕಬ್ಬಿಣದ ಸರಳು ಬಂದು ಬಿದ್ದಿದ್ದವು. ಅಲ್ಲಿ ಐದು ಅಂತಸ್ತಿನ ಕಂಪ್ಯೂಟರ್ ಬ್ಲಾಕ್ ಏಳುವುದಿತ್ತು. ವಾರ ಕಳೆದಂತೆ ಜಲ್ಲಿ ಹರಡಿಕೊಂಡು ಒಳಗೆ ಒಳಗೆ ಬರುತ್ತಿತ್ತು. ಬೆಳಿಗ್ಗೆ ಆರಕ್ಕೆ ನಾವು ಹೋಗಿ ಕಾಲಿನಿಂದಲೇ ಅದನ್ನು ಹಿಂದಕ್ಕೆ ತಳ್ಳುವುದು, ಸಂಜೆ ಲಾರಿ ಬಂದು ಮತ್ತಷ್ಟು ಸುರಿಯುವುದು, ಇದೇ ನಡೆದಿತ್ತು.

ನಮಗೆ ಆಟ ಕಲಿಸಿದವರು ಪಿ.ಟಿ. ಟೀಚರ್ ರಜಿಯಾ ಮೇಡಂ. ತೆಳ್ಳಗೆ, ಎತ್ತರಕ್ಕೆ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಓಡುತ್ತಿದ್ದರು. ಜಲ್ಲಿ ಕಡೆ ಚೆಂಡು ಹೋದಾಗ ನಾವು ನಿಂತುಬಿಟ್ಟರೆ ಅವರ ಕೂಗು ರಸ್ತೆಗೆ ಕೇಳುತ್ತಿತ್ತು: "ಕಾಯ್ಕು ಡರ್ತೇ? ಪತ್ಥರ್ ಹೈ, ಶೇರ್ ನಹೀ!" ಯಾಕೆ ಹೆದರ್ತೀರಿ, ಕಲ್ಲು ತಾನೆ, ಸಿಂಹ ಅಲ್ಲವಲ್ಲ. ಆ ಮಾತು ಕೇಳಿ ನಿಜವಾಗಿ ಹೆದರಿಕೆ ಬಿಟ್ಟವಳು ಸುಲ್ತಾನಾ ಒಬ್ಬಳೇ. ಟೇಲರ್ ಮಗಳು, ಬಲಗಡೆಯ ಆಟಗಾರ್ತಿ. ಜಲ್ಲಿಯ ನಡುವೆಯೇ ಚೆಂಡು ಒಯ್ಯುವುದನ್ನು ಅವಳು ಕಲಿತಳು. ಅವಳ ಮೊಣಕಾಲು ಅರಿಶಿನವಿಲ್ಲದೆ ಇದ್ದ ದಿನ ನನಗೆ ನೆನಪಿಲ್ಲ.

ನಾನು ನಡುವೆ ಆಡುತ್ತಿದ್ದೆ, ಚೆಂಡು ಯಾವ ಕಡೆ ಹೋಗಬೇಕೆಂದು ಕೂಗುವುದು ನನ್ನ ಕೆಲಸ. ತೆಲುಗಿನಲ್ಲಿ ಕೂಗಿದರೆ ಎದುರಿನವರಿಗೂ ತಿಳಿಯುತ್ತದೆ, ಉರ್ದು ಕೂಡ ಅಷ್ಟೇ. ಒಂದು ದಿನ ಆಟದ ಭರದಲ್ಲಿ ನನ್ನ ಬಾಯಿಂದ ಮನೆಮಾತು ಹೊರಬಿತ್ತು: "ಉಣ್ಣೋ ಕೈ ಕಡೆ!" ಅವ್ವ ನಮಗೆ ಎಡ ಬಲ ಕಲಿಸಿದ್ದೇ ಹಾಗೆ. ಬಲಗೈ ಉಣ್ಣೋ ಕೈ, ಎಡಗೈ ತೊಳಿಯೋ ಕೈ. ಏನು ತೊಳೆಯುವುದು ಅಂತ ಬಿಡಿಸಿ ಹೇಳಬೇಕಿಲ್ಲ. ಗೆಳತಿಯರಿಗೆ ಇದು ಭಾರಿ ಹಿಡಿಸಿತು. ವಾರದೊಳಗೆ ನಮ್ಮ ತಂಡದ ತೆಲುಗು ಹುಡುಗಿಯರು, ಉರ್ದು ಹುಡುಗಿಯರು ಎಲ್ಲರೂ ಗಂಟಲು ಹರಿಯುವಂತೆ "ತೊಳಿಯೋ ಕೈ, ತೊಳಿಯೋ ಕೈ" ಅನ್ನತೊಡಗಿದರು. ಈ ಊರಿನಲ್ಲಿ ನಮ್ಮ ಮನೆಯವರನ್ನು ಬಿಟ್ಟು ಇನ್ನಾರಿಗೂ ಅದು ತಿಳಿಯುವುದಿಲ್ಲವೆಂಬ ಧೈರ್ಯ ನನಗೆ.

ನಾಲ್ಕು ಕಾಲೇಜುಗಳ ಟೂರ್ನಮೆಂಟಿಗೆ ಹೆಸರು ಕೊಡಲು ಹೋದಾಗ ಪ್ರಿನ್ಸಿಪಾಲರು ನಕ್ಕರು. ಓದುವ ವಯಸ್ಸಿನಲ್ಲಿ ಇದೇನಮ್ಮಾ ಅಂದರು. ರಜಿಯಾ ಮೇಡಂ ಬಿಡಲಿಲ್ಲ. ಎದುರಿನ ಸೈಟೂ ಕಾಲೇಜಿನದೇ, ಬ್ಲಾಕನ್ನು ಅಲ್ಲಿ ಕಟ್ಟಬಹುದಲ್ಲ ಎಂದು ಕೇಳಿಯೇಬಿಟ್ಟರು. ಪ್ರಿನ್ಸಿಪಾಲರು ನಮ್ಮ ಹನ್ನೊಂದೂ ಜನರ ಎದುರಿಗೆ ಹೇಳಿದ ಮಾತು ನನಗೆ ಬಾಯಿಪಾಠವಿದೆ: "ಕಪ್ ತನ್ನಿ. ಮೈದಾನ ನಿಮ್ಮದು. ಬ್ಲಾಕ್ ಎದುರಿಗೆ ಕಟ್ಟಿಸುತ್ತೇನೆ." ನಾವು ತರುವುದಿಲ್ಲವೆಂಬ ಖಾತ್ರಿ ಅವರ ಮುಖದಲ್ಲಿತ್ತು. ಅದೇ ನಮಗೆ ಕಿಚ್ಚು ಹಚ್ಚಿತು.

ಮೊದಲ ಎರಡು ಪಂದ್ಯ ಗೆದ್ದೆವು. ಮೂರನೆಯದು ನಾಂಪಲ್ಲಿ ಕಡೆಯ ಕಾಲೇಜಿನ ಮೇಲೆ. ಅಲ್ಲಿ ಮೂರು ಗೋಲಿನಿಂದ ಸೋತೆವು, ನಮ್ಮದು ಒಂದೂ ಇಲ್ಲ. ಅವರ ಗೋಲಿ, ಅಂದರೆ ಗೋಲ್‌ಕೀಪರ್, ಗಟ್ಟಿಮುಟ್ಟಾದ ಹುಡುಗಿ. ನಾನು ಕೂಗುವುದೇ ತಡ, ತನ್ನವರಿಗೆ ತೆಲುಗಿನಲ್ಲಿ ಆ ಕಡೆ ನಿಲ್ಲಿ, ಈ ಕಡೆ ನಿಲ್ಲಿ ಎಂದು ಹೇಳಿಬಿಡುತ್ತಿದ್ದಳು. ನಡುನಡುವೆ ನಗುತ್ತಲೂ ಇದ್ದಳು. ನನಗೆ ಅಳು ಬಂತು.

ಆಟ ಮುಗಿದು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದೆ. ಆ ಗೋಲಿಯ ತಾಯಿ ಬುತ್ತಿ ಹಿಡಿದು ನಿಂತಿದ್ದರು. "ಮಹಾನಂದಾ, ಸಾಕು ಬಾರವ್ವಾ, ರೊಟ್ಟಿ ಆರಾಕತ್ತಾವು," ಅಂದರು. ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬಂತೆ. ನನ್ನ ಕೈಯಲ್ಲಿದ್ದ ನೀರು ಸೋರಿ ಹೋಯಿತು. ಅವರ ಮನೆಯಲ್ಲೂ ನಮ್ಮದೇ ಕಟ್ಟಳೆ! ನಾನು ತಿಳಿದದ್ದನ್ನು ತೋರಗೊಡದೆ ಅಲ್ಲಿಂದ ಬಂದೆ.

ಮನೆಯಲ್ಲಿ ಎಲ್ಲ ಹೇಳಿದೆ. ಅವ್ವ ಲಟ್ಟಣಿಗೆ ಕೆಳಗಿಟ್ಟು ಹಣೆ ಹಿಡಿದುಕೊಂಡಳು.

"ಅಯ್ಯ ಯವ್ವಾ, ಅಷ್ಟ್ ಮಂದಿ ಮುಂದ ತೊಳಿಯೋ ಕೈ ಅಂತ ಒದರೀ ಏನು? ನಮ್ಮ ಮಾನಾನೇ ತೊಳದೆಲ್ಲ!"

ಅಪ್ಪ ಮಾತ್ರ ಶೇಂಗಾ ಚಟ್ನಿ ಕಲಸುತ್ತ ನಿಧಾನವಾಗಿ ಅಂದರು: "ಆಕಿಗೆ ತಿಳಿತೈತಿ ಅಂತ ನಿನಗ ಗೊತ್ತಾಗೈತಿ. ನಿನಗ ಗೊತ್ತಾಗೈತಿ ಅಂತ ಆಕಿಗೆ ಗೊತ್ತಿಲ್ಲ. ಮತ್ಯಾಕ ಅಳಾಕತ್ತೀ?"

ಹೆಚ್ಚು ಪಂದ್ಯ ಗೆದ್ದ ಎರಡು ತಂಡಗಳೆಂದು ಫೈನಲ್ಲಿಗೆ ಬಂದದ್ದೂ ಅವರು ಮತ್ತು ನಾವೇ, ಆಟ ಬೇರೆ ಕಾಲೇಜಿನ ಮೈದಾನದಲ್ಲಿ. ಹಿಂದಿನ ದಿನ ನಮ್ಮ ಬೇವಿನ ಮರದ ಕೆಳಗೆ ಕೂತು ನಾವು ಗೊತ್ತುಮಾಡಿಕೊಂಡೆವು: ಮೊದಲರ್ಧ ಹೇಳಿದಂತೆಯೇ ಆಡುವುದು, ಮಹಾನಂದಾ ನಂಬಬೇಕು, ಎರಡನೇ ಅರ್ಧದಲ್ಲಿ ನಾನು ಎರಡು ಸಲ ಚಪ್ಪಾಳೆ ತಟ್ಟಿ ಕೂಗಿದರೆ ತಿರುಗಾಮುರುಗಾ. ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು, ಇಬ್ಬರದೂ ಗೋಲಿಲ್ಲ. ನನ್ನ ಬಾಯಿ ಒಣಗಿತ್ತು, ಹಲ್ಲಿನಲ್ಲಿ ಮಣ್ಣು. ಚೆಂಡು ನನ್ನ ಕಾಲಿಗೆ ಬಂತು. ಚಪ್ಪಾಳೆ ತಟ್ಟಿದೆ. ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದೆ: "ತೊಳಿಯೋ ಕೈ ಕಡೆ!"

ಮಹಾನಂದಾ ತನ್ನವರನ್ನೆಲ್ಲ ನಮ್ಮ ಎಡಗಡೆಗೆ ಓಡಿಸಿ ತಾನೂ ಅತ್ತ ಸರಿದಳು. ನಾನು ಚೆಂಡನ್ನು ಬಲಕ್ಕೆ ತಳ್ಳಿದೆ. ಅಲ್ಲಿ ಸುಲ್ತಾನಾ ಒಬ್ಬಳೇ. ಜಲ್ಲಿಯ ಮೇಲೆ ಓಡಿ ಕಲಿತವಳಿಗೆ ಆ ನುಣ್ಣನೆಯ ನೆಲ ಯಾವ ಲೆಕ್ಕ? ನಾಲ್ಕು ಹೆಜ್ಜೆ ಹಾಕಿ ಒದ್ದಳು. ಗೋಲು. ರಜಿಯಾ ಮೇಡಂ ಚಪ್ಪಲಿ ಬಿಟ್ಟು ಮೈದಾನದೊಳಗೆ ಓಡಿ ಬಂದರು.

ಮಹಾನಂದಾ ನೆಲದ ಮೇಲೆ ಬಿದ್ದಲ್ಲಿಂದಲೇ ನನ್ನನ್ನು ನೋಡಿ ಕೂಗಿದಳು: "ಏ ಸುಳ್ಳಿ! ಉಣ್ಣೋದು ಯಾವ ಕೈಲೆ ಅಂತ ನಿಮ್ಮವ್ವ ಕಲಿಸಿಲ್ಲೇನ?" ನಾನು ಹೋಗಿ ಕೈ ಹಿಡಿದು ಎಬ್ಬಿಸಿದೆ. ಹೊಸ್ತಿಲಿನ ಹೊರಗೆ, ಅಷ್ಟು ಜನರ ನಡುವೆ, ನಾವಿಬ್ಬರೂ ಕನ್ನಡದಲ್ಲಿ ಜಗಳಾಡಿದೆವು. ಎಷ್ಟು ಖುಷಿಯಾಯಿತೆಂದು ಹೇಳಲಾರೆ.

ಕಪ್ಪಿನ ಜೊತೆ ಪ್ರಿನ್ಸಿಪಾಲರು ಫೋಟೋ ತೆಗೆಸಿಕೊಂಡರು. ಮಸಿಯಾಗಿದೆ ಎಂದು ಅವ್ವ ಕಪ್ಪನ್ನು ಮನೆಗೆ ತರಿಸಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅದೇ ವಾರ ಒಂದು ಬೆಳಿಗ್ಗೆ ಆರಕ್ಕೆ ನಾವು ಹೋಗಿ ನೋಡಿದರೆ ಮೈದಾನದ ನಡುವೆ ಜೆಸಿಬಿ ನಿಂತಿತ್ತು. ಬೇವಿನ ಮರಗಳು ಆಗಲೇ ಮಲಗಿದ್ದವು. ಹಸಿ ಬೇವಿನ ಕಹಿ ವಾಸನೆ ರಸ್ತೆಯವರೆಗೂ ಬಂದಿತ್ತು. ಸುಲ್ತಾನಾ ಜಲ್ಲಿ ರಾಶಿಯ ಮೇಲೆ ಕೂತು ಬಿಕ್ಕಿದಳು. ಕೇಳಲು ಹೋದರೆ, ಕಮಿಟಿಯವರ ತೀರ್ಮಾನ ಅಮ್ಮಾ, ನಾನೇನು ಮಾಡಲಿ ಎಂದರು ಪ್ರಿನ್ಸಿಪಾಲರು. ಮುಂದಿನ ಮಾತಿಗೇ, ಕಪ್ ತಂದುಕೊಡಿ, ಗಾಜಿನ ಬೀರುವಿನಲ್ಲಿಡಬೇಕು, ಬ್ರೋಷರಿಗೂ ಬೇಕು ಅಂದರು.

ನಾವು ಕೊಡಲಿಲ್ಲ. ಹನ್ನೊಂದೂ ಜನ ಒಟ್ಟಿಗೆ ಹೇಳಿದೆವು, ಕೊಡುವುದಿಲ್ಲ.

ಹಾಲ್ ಟಿಕೆಟ್ ತಡೆಯುತ್ತೇವೆಂದರು. ಅಪ್ಪನಿಗೆ ಕರೆ ಹೋಯಿತು. ಅಪ್ಪ ಡ್ಯೂಟಿ ಮುಗಿಸಿ ಬಿಳಿ ಯೂನಿಫಾರ್ಮಿನಲ್ಲೇ ನೇರವಾಗಿ ಬಂದರು. ದೊಡ್ಡವರ ಮುಂದೆ ಅಪ್ಪ ಯಾವಾಗಲೂ ತಗ್ಗಿದ ದನಿಯಲ್ಲಿ ತೆಲುಗು ಆಡುವವರು. ನನಗೆ ಹೆದರಿಕೆಯಾಗಿತ್ತು, ಕ್ಷಮೆ ಕೇಳಿಬಿಡುತ್ತಾರೆಂದು. ಅಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟು, ನೆಟ್ಟಗೆ ನಿಂತು, ಕನ್ನಡದಲ್ಲಿ ಅಂದರು:

"ಮೈದಾನ ಕೊಡ್ರಿ, ಕಪ್ಪು ಒಯ್ರಿ."

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ಒಂದಕ್ಷರ ಮೆತ್ತಗೆ ಮಾಡದೆ ತೆಲುಗಿನಲ್ಲಿ ಹೇಳಿದೆ. ಹಾಲ್ ಟಿಕೆಟ್ ಬಂತು. ಹನ್ನೊಂದು ಮಂದಿ ಪರೀಕ್ಷೆಗೆ ಕೂರದಿದ್ದರೆ ಕೆಡುವುದು ಅವರದೇ ಬ್ರೋಷರ್ ತಾನೆ.

ಮೈದಾನವೇ ಇಲ್ಲದ ಮೇಲೆ ಪಿ.ಟಿ. ಟೀಚರ್ ಯಾಕೆಂದು ರಜಿಯಾ ಮೇಡಂ ಅವರನ್ನು ಮರುವರ್ಷ ಬಿಡಿಸಿದರು. ಅವರು ಎಲ್ಲಿ ಹೋದರೆಂದು ಹುಡುಕಿದ್ದೇನೆ, ಸಿಕ್ಕಿಲ್ಲ. ನಾನೂ ಕಂಪ್ಯೂಟರ್ ಕಲಿತೆ, ಅದರಿಂದಲೇ ಉಣ್ಣುತ್ತಿದ್ದೇನೆ. ನನ್ನ ಜಗಳ ಅದರ ಮೇಲಲ್ಲ. ಮಹಾನಂದಾ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಈ ಊರಿನಲ್ಲಿ ನನ್ನ ಜೊತೆ ಗಟ್ಟಿ ದನಿಯಲ್ಲಿ ಕನ್ನಡ ಆಡುವವಳು ಅವಳೊಬ್ಬಳೇ. ನನ್ನ ಮಗಳು ಫುಟ್‌ಬಾಲ್ ಆಡುತ್ತಾಳೆ, ಯಾವುದೋ ಕಟ್ಟಡದ ತಾರಸಿಯ ಮೇಲೆ, ಬಲೆಯೊಳಗೆ, ಪ್ಲಾಸ್ಟಿಕ್ ಹುಲ್ಲಿನ ಮೇಲೆ. ಅವಳ ಮೊಣಕಾಲಿಗೆ ಒಂದು ದಿನವೂ ಅರಿಶಿನ ಹಚ್ಚಿದ್ದಿಲ್ಲ. ಬೆಳಿಗ್ಗೆ ಆರಕ್ಕೆ ಯಾರನ್ನೂ ಕೇಳದೆ ಓಡಿಹೋಗಬಹುದಾದ ಒಂದು ತುಂಡು ನೆಲವನ್ನು ಅವಳಿಗೆ ತೋರಿಸಲು ನನ್ನಿಂದ ಆಗಿಲ್ಲ.

ಕಪ್ ಇದೆ. ವರ್ಷಕ್ಕೊಂದು ಮನೆಯಂತೆ ಹನ್ನೊಂದು ಮನೆ ತಿರುಗುತ್ತದೆ. ಮೊನ್ನೆ ಕಾಲೇಜಿನಿಂದ ಫೋನ್ ಬಂತು. ಬೆಳ್ಳಿ ಹಬ್ಬವಂತೆ, ಹಳೆಯ ಹೆಮ್ಮೆಗಳನ್ನೆಲ್ಲ ಪ್ರದರ್ಶನಕ್ಕಿಡುತ್ತಾರಂತೆ. ಬಹಳ ವಿನಯದ ಹುಡುಗಿ, ಮೇಡಂ ಮೇಡಂ ಎಂದು ಕಪ್ ಕೇಳಿದಳು. ಅವಳಿಗೆ ನೋವಾಗದಂತೆ ತೆಲುಗಿನಲ್ಲಿ ಶುರುಮಾಡಿದೆ. ಆಮೇಲೆ, ಆ ಮಾತನ್ನು ಆಡುವ ಭಾಷೆ ತೆಲುಗಲ್ಲ ಅನ್ನಿಸಿತು.

"ಮೈದಾನ ಕೊಡ್ರಿ," ಅಂದೆ, "ಕಪ್ಪು ಒಯ್ರಿ."