ಮೂವತ್ತಾರು ಕಲ್ಲುಗಳನ್ನು ಎರಡನೇ ಸಲ ಅರೆದಾಕೆ

ಬೆಳಗಿನ ಐದೂವರೆ. ಕಾಲೇಜಿನ ಭೂವಿಜ್ಞಾನ ವಿಭಾಗದ ನೆಲಮಾಳಿಗೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಮುಖಕ್ಕೆ ಮಾಸ್ಕ್, ಕಿವಿಗೆ ಹತ್ತಿ, ಮಂಡಿಯವರೆಗೆ ಇಳಿದ ಕೋಟು. ಐವತ್ತೆರಡರ ಹೆಂಗಸೊಬ್ಬರು ಅಂಗೈಯಗಲದ ಗ್ರಾನೈಟ್ ತುಂಡನ್ನು ಉಕ್ಕಿನ ಹಲಗೆಯ ಮೇಲಿಟ್ಟು ಸುತ್ತಿಗೆ ಎತ್ತುತ್ತಾರೆ. ಎರಡೇ ಏಟು. ಬಿಸಿಲು ಮಳೆಗೆ ಬಣ್ಣಗೆಟ್ಟ ಹೊರಮೈ ಪಕ್ಕಕ್ಕೆ. ಒಳಗಿನ ತಾಜಾ ಚೂರುಗಳಷ್ಟೇ ಕಲ್ಲು ಒಡೆಯುವ ಯಂತ್ರದ ಬಾಯಿಗೆ. ಗಡಗಡ ಸದ್ದಿಗೆ ಮೇಲಿನ ಮಹಡಿಯ ಕಿಟಕಿಗಳೂ ಅದುರುತ್ತವೆ. ತರಗತಿಗಳು ಶುರುವಾಗುವ ಮೊದಲೇ ಈ ಕೆಲಸ ಮುಗಿಯಬೇಕು. ಸಣ್ಣಗೆ ಅರೆಯುವುದು ಆಮೇಲೆ.

ವಿಭಾಗದಲ್ಲಿ ಎಲ್ಲರಿಗೂ ಅವರು 'ಪುಡಿಯಕ್ಕ'. ಹದಿನೇಳು ವರ್ಷಗಳಿಂದ ಅವರು ಕಲ್ಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾಗಿ ಅರೆದು ಕೊಡುತ್ತಿದ್ದಾರೆ. ಪುಡಿ ಪರೀಕ್ಷೆಗೆ ಹೋಗುತ್ತದೆ, ಯಾವ ಧಾತು ಎಷ್ಟಿದೆ ಎಂಬ ಅಂಕಿ ಬರುತ್ತದೆ. ನೆಲದಾಳದಲ್ಲಿ ಕರಗಿದ ಶಿಲೆ ಮೇಲೇರಿ, ಮೈಲುಗಟ್ಟಲೆ ಹರಡಿ, ಲಕ್ಷಾಂತರ ವರ್ಷ ಆರುತ್ತಾ ಗ್ರಾನೈಟ್ ಆದದ್ದು ಹೇಗೆಂದು ವಿಜ್ಞಾನಿಗಳು ತಿಳಿಯುವುದು ಆ ಅಂಕಿಗಳಿಂದ.

ದಿನಕ್ಕೆ ಎಂಟು ಕಲ್ಲು. ಒಂಬತ್ತನೆಯದನ್ನು ಯಾರು ಕೇಳಿದರೂ ಮುಟ್ಟುವುದಿಲ್ಲ. ಅರೆಯಲು ಐದು ನಿಮಿಷ ಸಾಕು, ತೊಳೆಯಲು ಮುಕ್ಕಾಲು ಗಂಟೆ ಬೇಕು. "ಹಿಂದಿನ ಕಲ್ಲು ಒಂದು ಚಿಟಿಕೆ ಉಳಿದ್ರೂ ಮುಂದಿನ ಕಲ್ಲು ಸುಳ್ಳು ಹೇಳುತ್ತೆ. ಅರೆಯೋದು ಯಂತ್ರದ ಕೆಲಸ ಕಣ್ರೀ. ನಂದು ತೊಳೆಯೋದು," ಎನ್ನುತ್ತಾರೆ.

ಮೊದಲು ಅವರು ನೆಲಹಾಸಿನ ಕಲ್ಲಿಗೆ ಪಾಲಿಶ್ ಹಿಡಿಸುವ ಕಾರ್ಖಾನೆಯಲ್ಲಿದ್ದರು. ಎಡಗಿವಿ ಮಂದವಾದದ್ದು ಅಲ್ಲೇ. ಇಲ್ಲಿಗೆ ಬಂದದ್ದು ಕಸ ಗುಡಿಸಲು. ಪುಡಿ ಮಾಡುತ್ತಿದ್ದ ಹಳೆಯ ನೌಕರ ನಿವೃತ್ತರಾದಾಗ ಆ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. "ಧೂಳು ಯಾರಿಗೆ ಬೇಕು? ನಂಗೆ ಅಭ್ಯಾಸ ಇತ್ತು. ನಾನೇ ಮಾಡ್ತೀನಿ ಅಂದೆ." ದರ್ಜಿಯಾಗಿರುವ ಅವರ ಗಂಡನ ದೂರು ಇಂದಿಗೂ ನಿಂತಿಲ್ಲ: "ದಿನಾ ಅರ್ಧ ಬೆಟ್ಟ ಮನೆಗೆ ಹೊತ್ಕೊಂಡು ಬರ್ತಾಳೆ. ಗಿರಾಕಿಗಳ ಬಿಳಿ ಬಟ್ಟೆ ಬಚ್ಚಿಡೋದೇ ನನ್ನ ಪಾಡು."

ಎರಡು ವರ್ಷದ ಹಿಂದೆ ಒಂದು ದೊಡ್ಡ ಬೆಟ್ಟಸಾಲಿನ ಮೂವತ್ತಾರು ಕಲ್ಲುಗಳು ಬಂದವು. ಇಡೀ ಸಾಲು ಒಂದೇ ಸಲ ಉಕ್ಕಿ ಆರಿದ ಗ್ರಾನೈಟ್ ಎಂಬುದು ಎಲ್ಲರ ನಂಬಿಕೆ. ಆದರೆ ಅಂಕಿ ಬಂದಾಗ ಪೂರ್ವದ ತುದಿಯ ಒಂಬತ್ತು ಕಲ್ಲುಗಳಲ್ಲಿ ಮೆಗ್ನೀಸಿಯಂ ವಿಪರೀತ. ಅವನ್ನು ಅರೆದ ವಾರವೇ ಪುಡಿಯಕ್ಕ ಬೇರೊಬ್ಬರ ಕಪ್ಪು ಕಲ್ಲುಗಳನ್ನೂ ಅದೇ ಯಂತ್ರದಲ್ಲಿ ಅರೆದಿದ್ದರು; ಕಪ್ಪು ಕಲ್ಲಿನಲ್ಲಿ ಮೆಗ್ನೀಸಿಯಂ ಹೆಚ್ಚು. ಆ ಮೂವತ್ತಾರು ಕಲ್ಲುಗಳನ್ನು ತಂದಿದ್ದ ಪ್ರೊಫೆಸರ್ ಅಂಕಿಗಳ ಕಾಗದ ಹಿಡಿದು ನೆಲಮಾಳಿಗೆಗೆ ಇಳಿದರು.

"ಏನಮ್ಮಾ ಇದು? ಸರಿಯಾಗಿ ತೊಳೀಲಿಲ್ವಾ?"

"ತೊಳ್ದಿದ್ದೀನಿ ಸರ್."

"ಅಂಕಿ ಹಾಗೆ ಹೇಳ್ತಿಲ್ವಲ್ಲ. ಈ ಒಂಬತ್ತನ್ನ ಲೆಕ್ಕದಿಂದ ಬಿಟ್ಟುಬಿಡ್ತೀನಿ."

ಆ ದಿನ ಪುಡಿಯಕ್ಕ ಊಟದ ಡಬ್ಬಿ ತೆರೆಯಲಿಲ್ಲ. "ಬೈದಿದ್ರೆ ನುಂಗ್ಕೋತಿದ್ದೆ. ಆದ್ರೆ ನಂದೂ ತಪ್ಪಿಲ್ಲ, ಕಲ್ಲಿಂದೂ ತಪ್ಪಿಲ್ಲ. ಬಿಟ್ಟುಬಿಡೋದು ಅಂದ್ರೆ ಹೇಗೆ?"

ಸಂಜೆ ಅವರೇ ಹೋಗಿ ಪ್ರೊಫೆಸರರ ಕೋಣೆಯ ಬಾಗಿಲಲ್ಲಿ ನಿಂತರು. ಪ್ರತಿ ಕಲ್ಲಿನ ಅರ್ಧ ಭಾಗವನ್ನು ಚೀಟಿ ಅಂಟಿಸಿ ಎತ್ತಿಡುವುದು ಅವರ ಪದ್ಧತಿ. "ಮೂವತ್ತಾರನ್ನೂ ಮತ್ತೆ ಅರೀತೀನಿ ಸರ್. ಈ ಸಲ ಕಪ್ಪು ಕಲ್ಲು ಯಂತ್ರದ ಹತ್ರಾನೂ ಬರಲ್ಲ. ಮಧ್ಯೆ ಮಧ್ಯೆ ಬರೀ ಬಿಳಿ ಸ್ಫಟಿಕ ಅರೀತೀನಿ, ಅದರಲ್ಲಿ ಮೆಗ್ನೀಸಿಯಂ ಇರಲ್ಲ; ಅದನ್ನೂ ಪರೀಕ್ಷೆಗೆ ಕಳ್ಸಿ. ಯಂತ್ರದಲ್ಲಿ ಕೊಳೆ ಇದ್ರೆ ಅದರಲ್ಲಿ ಸಿಕ್ಕೇ ಸಿಗುತ್ತೆ."

ಪ್ರೊಫೆಸರ್ ಆಗಲಿ ಎಂದರು. ದಿನದ ಕೆಲಸ ಬಿಡುವಂತಿರಲಿಲ್ಲ. ತಮ್ಮದೇ ಎಂಟರ ನಿಯಮ ಮುರಿದು ಪುಡಿಯಕ್ಕ ದಿನಕ್ಕೆ ಮೂರರಂತೆ ಹನ್ನೆರಡು ದಿನ ಹೆಚ್ಚುವರಿ ದುಡಿದರು. ಉಜ್ಜಿ ಉಜ್ಜಿ ಬೆರಳ ಸಂದಿಗಳು ಬಿರಿದವು. ಗಂಡ ಮುಲಾಮು ಹಚ್ಚುತ್ತಾ, "ನಿನ್ನ ಹಟಕ್ಕಿಂತ ಆ ಕಲ್ಲೇ ಮೆತ್ತಗೆ," ಎಂದರಂತೆ.

ಆರು ವಾರದ ಮೇಲೆ ಫಲಿತಾಂಶ ಬಂತು. ಸ್ಫಟಿಕದಲ್ಲಿ ಕೊಳೆಯ ಸುಳಿವೇ ಇಲ್ಲ. ಒಂಬತ್ತು ಕಲ್ಲುಗಳ ಅಂಕಿ ಮಾತ್ರ ಮೊದಲಿನಂತೆಯೇ! ಅಂದರೆ ಆ ಬೆಟ್ಟಸಾಲು ಒಂದೇ ಸಲಕ್ಕೆ ಆದದ್ದಲ್ಲ. ಮೊದಲ ಗ್ರಾನೈಟ್ ಆರಿ ಗಟ್ಟಿಯಾದ ಮೇಲೆ, ಇನ್ನೂ ಆಳದಿಂದ ಬೇರೆಯೇ ಕರಗಿದ ಶಿಲೆ ಪೂರ್ವದಲ್ಲಿ ನುಗ್ಗಿ ಬಂದಿತ್ತು. ಕಲ್ಲುಗಳ ವಯಸ್ಸು ಅಳೆದಾಗಲೂ ಆ ಒಂಬತ್ತು ಉಳಿದವಕ್ಕಿಂತ ಕಿರಿಯವೆಂದೇ ಗೊತ್ತಾಯಿತು.

"ಅವತ್ತು ಅವರ ಮಾತು ಕೇಳದಿದ್ರೆ ತಪ್ಪು ಚರಿತ್ರೆ ಬರೀತಿದ್ದೆ. ಕೆಳಗೆ ಹೋಗಿ ಎಲ್ಲರ ಮುಂದೆ ಕ್ಷಮೆ ಕೇಳ್ದೆ," ಎಂದು ಪ್ರೊಫೆಸರ್ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಪುಡಿಯಕ್ಕನಿಗೆ ಅದು ಮುಜುಗರ. "ಅಷ್ಟು ದೊಡ್ಡೋರು ಕೈ ಮುಗಿದ್ರೆ ನಾನೇನ್ ಮಾಡ್ಲಿ? ಟೀ ಕುಡೀತೀರಾ ಸರ್ ಅಂದೆ."

ಈಗ ಅವರ ಆಸೆ ಏನೆಂದು ಕೇಳಿದರೆ ಮಾಸ್ಕ್ ಕೆಳಗಿಳಿಸಿ ನಗುತ್ತಾರೆ.

"ಆ ಬೆಟ್ಟಾನ ನಾನು ನೋಡೇ ಇಲ್ಲ. ನಿವೃತ್ತಿ ಆಗೋ ಮುಂಚೆ ಒಂದ್ಸಲ ಹೋಗ್ಬೇಕು. ಸುತ್ತಿಗೆ ಗಿತ್ತಿಗೆ ಏನೂ ತಗೊಂಡೋಗಲ್ಲ. ಸುಮ್ನೆ ಕೈಯಿಟ್ಟು ನೋಡ್ಕೊಂಡು ಬರ್ತೀನಿ."