ಸರಪಳಿ ಹೊರಗಿರಲಿ

ಅರವತ್ತರ ದಶಕದಲ್ಲಿ ನಾನು ವಡೋದರಾದಲ್ಲಿ ಸರ್ವೇಯರ್ ಆಗಿದ್ದೆ. ಹೊಸ ರಸ್ತೆಗೆ ಜಾಗ ಅಳೆಯಲು ಸರಪಳಿ ಹಿಡಿದು ಹೋದವನನ್ನು ಒಬ್ಬ ಅಜ್ಜಿ ತಮ್ಮ ಸೀಬೆ ತೋಟದ ಬಾಗಿಲಲ್ಲೇ ತಡೆದರು.

"ಇದು ಮನೆಗೆ ಸೇರಿದ ತೋಟ. ಒಳಗೆ ಬರಲು ಏಳು ದಿನ ಮುಂಚೆ ನೋಟಿಸ್ ಕೊಡಬೇಕಲ್ಲ, ಬೇಟಾ?"

ಅವರ ಗಂಡ ವಕೀಲರ ಗುಮಾಸ್ತರಾಗಿದ್ದರಂತೆ. ಕಾನೂನು ಇದ್ದದ್ದೇ ಹಾಗೆ, ಮರೆತವನು ನಾನು. ತಲೆ ತಗ್ಗಿಸಿ ಹೊರಟೆ.

"ಬಿಸಿಲಿದೆ, ಮಜ್ಜಿಗೆ ಕುಡಿದು ಹೋಗು. ನೀನು ಬಾ, ಸರಪಳಿ ಹೊರಗಿರಲಿ."

ನೋಟಿಸ್ ಕೊಟ್ಟು ಎಂಟನೆಯ ದಿನ ಹೋದಾಗ ಸರಪಳಿಯ ಇನ್ನೊಂದು ತುದಿಯನ್ನು ಅವರೇ ಹಿಡಿದರು. "ಬಿಗಿಯಾಗಿ ಎಳೆ. ಒಂದು ಗೇಣೂ ಹೆಚ್ಚು ಹೋಗಬಾರದು."

ರಸ್ತೆಯಾಯಿತು, ಅರ್ಧ ತೋಟ ಹೋಯಿತು. ನಾನು ಈಗಲೂ ನೆಂಟರ ಮನೆಗೆ ಹೋಗುವ ಏಳು ದಿನ ಮೊದಲೇ ಕಾಗದ ಹಾಕುತ್ತೇನೆ. ಅಂಥ ಮಜ್ಜಿಗೆ ಮಾತ್ರ ಎಲ್ಲೂ ಸಿಕ್ಕಿಲ್ಲ.